ಬೂಬವ್ವನ ಕೋಳಿ, ಗೌಜಲಕ್ಕಿಯ ಎಂಟು ತತ್ತಿ

ನಮ್ಮ ಹಿತ್ತಲಲ್ಲಿ ಕೋಳಿ ಇದ್ದದ್ದು ಒಂದೇ ಬೇಸಿಗೆ, ಒಟ್ಟು ನಲವತ್ತೊಂಬತ್ತು ದಿನ. ದಿನಕ್ಕೊಂದು ಸಾಲಿನಂತೆ ಬರೆದಿಟ್ಟಿದ್ದರಿಂದ ಈ ಸಂಖ್ಯೆಯಲ್ಲಿ ನನಗೆ ಅನುಮಾನವಿಲ್ಲ. ಮೂವತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಹದಿನೈದು ತುಂಬಿತ್ತು.

ಅಪ್ಪ ಹುಲಗೂರಿನ ಶಾಲೆಗೆ ಮುಖ್ಯ ಮಾಸ್ತರರು. ಮೊದಲು ಹಾನಗಲ್ಲಿನಲ್ಲಿದ್ದರು. ಅವ್ವ ತೀರಿಕೊಂಡ ಮೇಲೆ ಬದಲಿ ಮಾಡಿಸಿಕೊಂಡು ಸ್ವಂತ ಊರಿಗೆ ಬಂದರು. ಮನೆಯಲ್ಲಿ ಇದ್ದವರು ಅಪ್ಪ, ಅವರ ತಾಯಿಯಾದ ಆಯಿ ಮತ್ತು ನಾನು. ನಮ್ಮ ಮೂವರ ಮೇಲೆ ಒಂದು ಗೋಡೆ ಗಡಿಯಾರ. ಅದರ ಕೆಳಗೆ ಅಪ್ಪನ ದುಂಡಗಿನ ಅಕ್ಷರದಲ್ಲಿ ಮನೆಯ ವೇಳಾಪತ್ರಿಕೆ ಅಂಟಿಸಿತ್ತು: ಐದಕ್ಕೆ ಏಳುವುದು, ಐದೂವರೆಗೆ ನೀರು, ಆರಕ್ಕೆ ಆಯಿಯ ಪೂಜೆಗೆ ಹೂವು ಪತ್ರಿ, ಏಳೂವರೆಗೆ ಓದು. ಊಟಕ್ಕೆ ಕರೆಯುವ ಪದ್ಧತಿ ನಮ್ಮಲ್ಲಿರಲಿಲ್ಲ. ಗಂಟೆ ಹೊಡೆದಾಗ ತಾಟಿನ ಮುಂದೆ ಇರಬೇಕು, ಅಷ್ಟೇ. ನೆರೆಯವರಿಗೆ ಇದು ಬಿಗಿ ಅನ್ನಿಸುತ್ತಿತ್ತು. ನನಗೆ ಒಗ್ಗಿತ್ತು. ಗಡಿಯಾರ ಇರುವ ಮನೆಯಲ್ಲಿ ಯಾರೂ ಯಾರ ಮೇಲೂ ಕೂಗಾಡಬೇಕಾಗುವುದಿಲ್ಲ.

ನನ್ನ ದೋಷ ಬೇರೆ ಇತ್ತು. ಹೊತ್ತಿಗೆ ಸರಿಯಾಗಿ ಕೂರುತ್ತಿದ್ದೆ, ಹೊತ್ತಿಗೆ ಸರಿಯಾಗಿ ಏಳುತ್ತಿದ್ದೆ, ಕೆಲಸ ಮಾತ್ರ ಮುಗಿದಿರುತ್ತಿರಲಿಲ್ಲ. ಕಸೂತಿ ಹಾಕಿದ ಕುಪ್ಪಸಕ್ಕೆ ಒಂದೇ ತೋಳು. ತಕಲಿಯಲ್ಲಿ ಅರ್ಧ ನೂಲು. ಮರಾಠಿ ಪುಸ್ತಕ ಒಂಬತ್ತನೆಯ ಪಾಠಕ್ಕೆ ನಿಂತಿತ್ತು. ಹಿಂದಿನ ವರ್ಷ ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ ಮನೆಯಲ್ಲಿದ್ದೆ. ಧಾರವಾಡಕ್ಕೆ ಹೋಗಿ ಶಿಕ್ಷಕಿಯರ ತರಬೇತಿ ಪಡೆಯಬೇಕೆಂಬುದು ನನ್ನ ಹಂಬಲ. ಅಪ್ಪ ಅರ್ಜಿಯ ಕಾಗದ ತರಿಸಿ ಪೆಟ್ಟಿಗೆಯಲ್ಲಿಟ್ಟಿದ್ದರು, ಕೊಟ್ಟಿರಲಿಲ್ಲ.

"ಮಾಸ್ತರಕಿಗೆ ಹೊತ್ತು ತಿಳದ್ರ ಸಾಲಂಗಿಲ್ಲ," ಎಂದಿದ್ದರು. "ಹಿಡದದ್ದು ಮುಗಸಾಕ ಬರಬೇಕು. ನೀ ಮೊದಲಿಂದ ಕಡೀತನಕಾ ಮಾಡಿದ್ದು ಏನರ ಒಂದು ತೋರಸು. ಅರ್ಜಿ ಬರಿಯೂಣಂತ."

ಜೂನ್ ಮೊದಲ ವಾರದೊಳಗೆ ಅರ್ಜಿ ಧಾರವಾಡ ಮುಟ್ಟಬೇಕಿತ್ತು. ಇಲ್ಲದಿದ್ದರೆ ಆಯಿ ನೋಡಿಟ್ಟಿದ್ದ ಹಿರೇಕೆರೂರಿನ ಕಾಳಿನ ವ್ಯಾಪಾರಿಯ ಮನೆಗೆ ಹೂಂ ಅನ್ನುವುದೆಂದು ಮಾತಾಗಿತ್ತು. ಹುಡುಗನ ಮೇಲೆ ನನ್ನದೇನೂ ತಕರಾರಿರಲಿಲ್ಲ. ನನಗೆ ಬೇಕಾಗಿದ್ದದ್ದು ಕರಿಹಲಗೆ.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ನಮ್ಮ ಹೊಲ ಮಾಡುತ್ತಿದ್ದ ರೈತ ರುಮಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಬಂದು ಕಟ್ಟೆಯ ಕೆಳಗೆ ನಿಂತ. ಬದುವಿನ ಒಣಹುಲ್ಲು ಕೊಯ್ಯಲು ಹೋಗಿದ್ದವನು.

"ತಪ್ಪಾತ್ರಿ ಮಾಸ್ತರ್ರ," ಎಂದ. "ಹಕ್ಕಿ ಹುಲ್ಲಾಗ ಕುಂತದ್ದು ಕಾಣಲಿಲ್ರಿ. ಕುಡಗೋಲು ಬಿದ್ದಮ್ಯಾಲೆ ನೋಡೇನಿ. ತತ್ತಿ ಬಿಟ್ಟು ಏಳಲೇ ಇಲ್ರಿ ಅದು."

ರುಮಾಲಿನಲ್ಲಿ ಕೆನೆಯ ಬಣ್ಣದ ಎಂಟು ಸಣ್ಣ ತತ್ತಿಗಳಿದ್ದವು. ಗೌಜಲಕ್ಕಿಯವು. ಬೆಳಗಾದರೆ ಬದುವಿನ ಮೇಲೆ ನಿಂತು ಊರಿಗೆಲ್ಲ ಕೇಳುವಂತೆ ಕೂಗುವ, ಮನುಷ್ಯರನ್ನು ಕಂಡರೆ ಹಾರುವ ಬದಲು ಓಡುವ ಹಕ್ಕಿ ಅದು. ಮುಟ್ಟಿ ನೋಡಿದೆ. ತಾಯಿಯ ಬಿಸಿ ಇನ್ನೂ ಇತ್ತು.

ಆಯಿ ಶಿವ ಶಿವ ಎಂದು ಮುಖ ತಿರುಗಿಸಿದಳು. ನಾನು, "ಮರಿ ಮಾಡಸ್ತೇನ್ರಿ," ಎಂದೆ.

"ಯಾವಾಗಿನ ತನಕಾ?" ಎಂದರು ಅಪ್ಪ.

"ಹಾರೂ ತನಕಾರಿ."

ಅಪ್ಪ, "ಬರಕೊಂಡು ಮಾಡು. ದಿನಾ," ಎಂದು ಹೇಳಿ ಶಾಲೆಗೆ ಹೊರಟರು. ಧಾರವಾಡದ ಹೆಸರು ಯಾರೂ ತೆಗೆಯಲಿಲ್ಲ. ಆದರೆ ಯಾವುದರ ಮಾತು ನಡೆಯಿತೆಂದು ನಮಗಿಬ್ಬರಿಗೂ ತಿಳಿದಿತ್ತು.

ನಮ್ಮ ಹಿತ್ತಲ ಪಕ್ಕದ ಗೋಡೆಯ ಆಚೆ ಅರಳೆ ಹಿಂಜುವ ಪಿಂಜಾರರ ಮನೆ. ಅವರ ಬಿಲ್ಲಿನ ನಾದ ಇಡೀ ದಿನ ಕೇಳುತ್ತಿತ್ತು. ಆ ಮನೆಯ ಹೆಂಗಸನ್ನು ನಾನು ಬೂಬವ್ವ ಎಂದು ಕರೆಯುತ್ತಿದ್ದೆ. ಅವಳ ತವರು ಸವಣೂರು. ಅಲ್ಲಿ ಅವಳ ತಮ್ಮ ಗೌಜಲಕ್ಕಿಗಳನ್ನು ಪಂಜರದಲ್ಲಿಟ್ಟು ಸಾಕುತ್ತಿದ್ದ. ಅವರು ಅದಕ್ಕೆ ತೀತರ್ ಎನ್ನುತ್ತಿದ್ದರು.

ನಾನು ಗೋಡೆಯ ಮೇಲಿಂದ ತತ್ತಿ ತೋರಿಸಿದ್ದೇ ತಡ, ಬೂಬವ್ವ ನನ್ನ ಕೈಯಿಂದ ಕಿತ್ತುಕೊಂಡಳು. "ಗಾಳಿಗಿ ಹಿಡಕೊಂಡು ನಿಂತೀಯಲ್ಲ ಬೇಟಿ. ತಣ್ಣಗಾದ್ರ ಮುಗದ್ಹೋತು." ಹಿಂಜಿದ ಅರಳೆಯಲ್ಲಿ ಒಂದೊಂದನ್ನೇ ಸುತ್ತಿ ಒಲೆಯ ಬದಿಗೆ, ಕೈಗೆ ಹಿತವಾದ ಬಿಸಿ ಇರುವಲ್ಲಿ ಇಟ್ಟಳು. ಆಮೇಲೆ ಹೇಳಿದಳು: "ನಂದೊಂದು ಹ್ಯಾಟಿ ಕೋಳಿ ನಾಕು ದಿನದಿಂದ ಕಾವಿಗಿ ಕುಂತೈತಿ. ಕೈ ಹಾಕಿದ್ರ ಕುಕ್ಕತೈತಿ. ಅಂಥಾದ್ದ ಬೇಕು. ಪಾಲಿಗಿ ಕೊಡ್ತೇನಿ. ಮರಿ ಎಷ್ಟರ ಆಗಲಿ, ಅರ್ಧಾ ನಂದು."

ಆಕಳು, ಆಡು, ಕೋಳಿ ಯಾವುದನ್ನೇ ಆಗಲಿ ಪಾಲಿಗೆ ಕೊಡುವುದು ನಮ್ಮ ಕಡೆಯ ಪದ್ಧತಿ. ಪ್ರಾಣಿ ಒಬ್ಬರದು, ಸಾಕುವವರು ಇನ್ನೊಬ್ಬರು, ಹುಟ್ಟಿದ್ದರಲ್ಲಿ ಇಬ್ಬರಿಗೂ ಸಮಪಾಲು. ಆದರೆ ನಮ್ಮಂಥ ಲಿಂಗವಂತರ ಮನೆಗೆ ಯಾರೂ ಎಂದೂ ಕೋಳಿಯನ್ನು ಪಾಲಿಗೆ ಕೊಟ್ಟಿರಲಿಲ್ಲ. ಆಯಿ ಹಿತ್ತಲ ಬಾಗಿಲಿಗೆ ಅಡ್ಡ ನಿಂತಳು.

"ಅರ್ಧಾ ಒಯ್ದು ಏನ ಮಾಡ್ತಿಬೇ? ಸಾರಿಗಿ ಹಾಕ್ತಿ?"

"ಏ, ಇಲ್ರಿ ಅವ್ವಾರ. ಕೂಗಸಾಕ್ರಿ. ನನ್ನ ತಮ್ಮಗ ಹೇಣ್ತಿಕಿಂತಾ ತೀತರ್ ಹೆಚ್ಚು. ಬೆಳಿಗ್ಗೆದ್ದು ಮೊದಲ ಅದರ ದನೀನ ಕೇಳ್ತಾನ."

"ಹೇಣ್ತಿ ದನಿ?"

"ಅದು ಕೇಳಬಾರದಂತನ ಇದನ್ನ ಸಾಕ್ಯಾನ್ರಿ."

ಆಯಿಗೆ ನಗು ಬಂತು. ಒಮ್ಮೆ ನಕ್ಕ ಮೇಲೆ ಬಾಗಿಲಿಗೆ ಅಡ್ಡ ನಿಲ್ಲುವುದು ಕಷ್ಟ. ಮೂರು ಕಟ್ಟಳೆ ಹಾಕಿ ಒಳಗೆ ಹೋದಳು. ಕೋಳಿ ಕೊಟ್ಟಿಗೆಯ ಮೂಲೆ ಬಿಟ್ಟು ಈಚೆ ಬರಬಾರದು. ಕೋಳಿ ಮುಟ್ಟಿದವಳು ಸ್ನಾನ ಮಾಡದೆ ಒಲೆ ಮುಟ್ಟಬಾರದು. ಹಿತ್ತಲಲ್ಲಿ ಯಾವ ಜೀವವನ್ನೂ ಕೊಲ್ಲಬಾರದು.

ಹೊತ್ತು ಮುಳುಗುವಾಗ ಕೋಳಿಯನ್ನು ಕೂರಿಸಿದೆವು. ಬೆಳಕಿದ್ದರೆ ಜಾಗ ಬದಲಾದದ್ದು ತಿಳಿದು ಎದ್ದುಬಿಡುತ್ತದೆ ಎಂದು ಬೂಬವ್ವ ತಡೆದಿದ್ದಳು. ಬಿದಿರಿನ ಬುಟ್ಟಿಯ ತಳಕ್ಕೆ ಒಂದು ಬೊಗಸೆ ಹಸಿಮಣ್ಣು, ಅದರ ಮೇಲೆ ಹುಲ್ಲು. ನಾನು ಮೆತ್ತಗಿರಲೆಂದು ಅರಳೆ ಹಾಸಲು ಹೋದೆ. ಬೂಬವ್ವ ನನ್ನ ಕೈ ಸರಿಸಿದಳು. "ಒಲಿ ಬದೀಗಿ ಅರಳಿ ಛಲೋ. ಇಲ್ಲಿ ಹಾಕಿದ್ರ ಮರಿ ಕಾಲಿಗಿ ಸುತಗೊಂಡು ಮುರೀತಾವು." ಕೋಳಿಯ ರೆಕ್ಕೆಯಡಿ ಒಲೆಯ ಬೂದಿ ಸವರಿ, ಹೇನು ಇಲ್ಲದಂತೆ ಮಾಡಿ, ಅದರ ಎದೆಯ ಕೆಳಗೆ ಎರಡೆರಡೇ ತತ್ತಿ ಜಾರಿಸಿದಳು. ಕೋಳಿ ಒಮ್ಮೆ ಮೈ ಉಬ್ಬಿಸಿ, ಕೊಕ್ಕಿನಿಂದ ತತ್ತಿಗಳನ್ನು ಒಳಗೆಳೆದುಕೊಂಡು ಕಣ್ಣು ಅರೆಮುಚ್ಚಿತು. ಸಣ್ಣ ಗಾತ್ರದ, ಇಟ್ಟಂಗಿ ಬಣ್ಣದ ಕೋಳಿ. ತತ್ತಿ ಯಾರದೆಂದು ಅದು ವಿಚಾರಿಸಲಿಲ್ಲ.

ಮಾರನೆಯ ದಿನದಿಂದ ನನ್ನ ಕೆಲಸ. ಬೆಳಿಗ್ಗೆ ಸರಿಯಾಗಿ ಏಳಕ್ಕೆ ಎರಡೂ ಕೈ ಅಡಿಗೆ ಕೊಟ್ಟು ಕೋಳಿಯನ್ನು ಎತ್ತಬೇಕು. ರೆಕ್ಕೆಯಲ್ಲಿ ತತ್ತಿ ಸಿಕ್ಕಿದೆಯೇ ನೋಡಬೇಕು. ಒಂದು ಹಿಡಿ ಜೋಳ, ನೀರು, ಬೂದಿ ಬೆರೆಸಿದ ಮಣ್ಣಿನಲ್ಲಿ ಹೊರಳಾಟ. ಹದಿನೈದು ನಿಮಿಷಕ್ಕೆ ಮತ್ತೆ ಬುಟ್ಟಿಯಲ್ಲಿರಬೇಕು. ನಂತರ ನನ್ನ ಸ್ನಾನ. ನಾನು ಒಮ್ಮೆಯೂ ಐದು ನಿಮಿಷ ಹಿಂದೆ ಮುಂದೆ ಮಾಡಲಿಲ್ಲ. ಎಂಟನೆಯ ದಿನದ ಹೊತ್ತಿಗೆ ಕೋಳಿಯೂ ಮನೆಯ ಪದ್ಧತಿ ಕಲಿತಿತ್ತು. ಗಡಿಯಾರ ಏಳು ಹೊಡೆದು ಮುಗಿಯುವಷ್ಟರಲ್ಲಿ ಕತ್ತು ಎತ್ತಿ ನನ್ನ ದಾರಿ ನೋಡುತ್ತಿತ್ತು.

ಹತ್ತನೆಯ ದಿನ ಬೂಬವ್ವ ಬಂದು ಉಗುರು ಬೆಚ್ಚಗಿನ ನೀರಿನಲ್ಲಿ ತತ್ತಿಗಳನ್ನು ಬಿಟ್ಟಳು. ಏಳು ತತ್ತಿ ತೇಲುತ್ತ ತಮ್ಮಷ್ಟಕ್ಕೆ ತಾವೇ ಮಿಸುಕಿದವು. ಒಂದು ಸುಮ್ಮನಿತ್ತು. ಅದನ್ನು ತೆಗೆದಿಟ್ಟಳು. "ಏಳು ಜೀವ ಅದಾವು, ಬೇಟಿ. ಇನ್ನ ನಿನ್ನ ಕೈಯಾಗ." ಮರುದಿನ ಅವಳು ತಮ್ಮನ ಹೆಂಡತಿಯ ಬಾಣಂತನಕ್ಕೆಂದು ಸವಣೂರಿಗೆ ಹೋದಳು.

ಹದಿಮೂರನೆಯ ದಿನ ಬೆಳಿಗ್ಗೆ ಕೋಳಿ ಏಳಲಿಲ್ಲ. ಅದರ ಕೆಳಗೆ ಕಿವಿಯಿಟ್ಟೆ. ತತ್ತಿಯ ಒಳಗಿನಿಂದ ಉಗುರಿನಿಂದ ಗೀರಿದಂಥ ಸದ್ದು. ಸಂಜೆಯ ಹೊತ್ತಿಗೆ ಏಳೂ ಒಡೆದಿದ್ದವು. ಬೆನ್ನ ಮೇಲೆ ಕಂದು ಗೆರೆಗಳ, ಬೆಟ್ಟದ ನೆಲ್ಲಿಕಾಯಿಗಿಂತ ಸ್ವಲ್ಪ ದೊಡ್ಡದೆನ್ನಿಸುವ ಮರಿಗಳು. ತೇವ ಆರಿತೋ ಇಲ್ಲವೋ ಓಡಾಟ ಶುರು. ಆಯಿ ಕೊಟ್ಟಿಗೆಯ ಬಾಗಿಲಿನ ಹೊರಗೇ ನಿಂತು, ಆಕಳನ್ನು ನೋಡಲು ಬಂದವಳಂತೆ, ಅರ್ಧ ತಾಸು ನೋಡಿದಳು. ನಾನು ನೋಟುಬುಕ್ಕಿನಲ್ಲಿ "ಏಳು" ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ.

ಆ ಎರಡು ಗೆರೆ ಅವಸರದವು. ಮರಿ ಬಂದರೆ ಕೆಲಸ ಮುಗಿಯಿತೆಂದು ತಿಳಿದಿದ್ದೆ.

ಆಹಾರಕ್ಕೆ ನಮ್ಮ ಮನೆಯಲ್ಲಿ ಯಾರಿಗೆ ಏನು ಕೊಡುತ್ತಿದ್ದೆವೋ ಅದನ್ನೇ ಇನ್ನಷ್ಟು ಮೆತ್ತಗೆ ಮಾಡಿ ಕೊಟ್ಟೆ. ಹಾಲಿನಲ್ಲಿ ನೆನೆಸಿದ ನವಣೆ, ಅನ್ನದ ಅಗುಳು. ಹೊತ್ತು ಕೂಡ ನಮ್ಮದೇ: ಏಳು, ಹನ್ನೆರಡು, ಐದು. ಕೋಳಿ ತಿಂದಿತು. ಮರಿಗಳು ನವಣೆಯ ಮೇಲೆ ನಡೆದು ಹೋದವು. ಕೊಟ್ಟಿಗೆಯ ಗೋಡೆಯ ಮೇಲೆ ಇರುವೆ ಹರಿದರೆ ಏಳೂ ಕತ್ತು ಆ ಕಡೆಗೇ ತಿರುಗುತ್ತಿದ್ದವು. ಕಣ್ಣೆದುರಿಗೆ ಬರೆದಿಟ್ಟಂತಿದ್ದ ಈ ಮಾತನ್ನು ನಾನು ಓದಲಿಲ್ಲ. ತಿನ್ನದಿದ್ದರೆ ಹೊತ್ತು ತಪ್ಪಿರಬೇಕೆಂದು ಗಡಿಯಾರ ನೋಡಿದೆ. ತತ್ತಿ ಒಡೆದ ಮೂರನೆಯ ದಿನ ಒಂದು ಮರಿ ರೆಕ್ಕೆ ಜೋತು ಬಿಟ್ಟು ಸತ್ತಿತು. ನಾಲ್ಕನೆಯ ದಿನ ಇನ್ನೊಂದು. ಉಳಿದ ಐದು ಕೋಳಿಯ ಹೊಟ್ಟೆಯಡಿಯಿಂದ ಹೊರಗೇ ಬರಲಿಲ್ಲ.

ಆ ಮಧ್ಯಾಹ್ನ ಬೂಬವ್ವ ಸವಣೂರಿನಿಂದ ಬಂದು, ಗಂಟು ಕೆಳಗಿಡುವ ಮೊದಲೇ ಗೋಡೆಯ ಮೇಲೆ ಮುಖ ತೋರಿಸಿದಳು.

"ಏನ ಹಾಕಿ ತಿನ್ನಾಕ?"

"ನವಣಿ. ಹಾಲಾಗ ನೆನಸಿ."

ಅವಳು ಹಣೆ ಹಣೆ ಬಡಿದುಕೊಂಡಳು. "ನವಣೀನ? ಅವೇನು ನಿಮ್ಮಂಗ ಕೊಳ್ಳಾಗ ಲಿಂಗಾ ಕಟಗೊಂಡು ಹುಟ್ಯಾವೇನ? ಹುಳಾ ಬೇಕು ಹುಳಾ. ಗೆದ್ದಲು. ದೊಡ್ಡೂ ಆಗೂತನಕಾ ಹುಳಾನ ಅವಕ್ಕ ಅನ್ನ. ಅದೂ ಮೂರು ಹೊತ್ತಲ್ಲ, ಹಗಲೆಲ್ಲಾ."

ತಪ್ಪು ನಮ್ಮಂಥವರು ಮಾತ್ರ ಮಾಡಬಹುದಾದ ತಪ್ಪು. ಬೇರೆ ಯಾವ ಮನೆಯಲ್ಲಿಯೂ ಹಕ್ಕಿಯ ಮರಿಯನ್ನು ಶರಣರ ಪಂಕ್ತಿಯಲ್ಲಿ ಕೂರಿಸುತ್ತಿರಲಿಲ್ಲ.

ಆಯಿ ಒಳಗಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. "ಹಿತ್ತಲದಾಗ ಜೀವಾ ತಗಿಯಂಗಿಲ್ಲ ಅಂದೇನಿ," ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ, ಅದಕ್ಕೇ ಅದು ಗಟ್ಟಿಯಾಗಿತ್ತು. ಅಪ್ಪ ಶಾಲೆಯಿಂದ ಬಂದಾಗ ಹೇಳಿದೆ. ಅವರು ಕೋಟು ಗೂಟಕ್ಕೆ ಹಾಕುತ್ತ, "ಕೆಲಸ ನಿಂದು," ಎಂದರು.

ಆ ಸಂಜೆ ಆಯಿಯ ಎದುರಿಗೆ ಕೂತು, ಪರೀಕ್ಷೆಯ ಪ್ರಶ್ನೆಯಂತೆ ಒಂದೊಂದೇ ಕೇಳಿದೆ.

"ಆಯಿ, ತಿಪ್ಪಿ ಹಿತ್ತಲದಾಗ ಐತೇನು?"

"ಹಿಂದಿನ ಗ್ವಾಡಿ ಆಚೆ ಐತಿ."

"ಅಲ್ಲಿ ಕೋಳೀನ ತಾನ ಕೆದರಿ, ತಾನ ಮರೀಗಿ ತೋರಿಸಿದ್ರ?"

ಆಯಿ ಬತ್ತಿ ಹೊಸೆಯುತ್ತಿದ್ದಳು. "ಕೋಳಿ ಕೆದರಿ ತಿಂದ್ರ ಅದು ಕೋಳಿ ಜಲ್ಮ," ಎಂದಳು. "ನೀ ಕೈಲೆ ಒಂದು ಹುಳಾ ಹಿಡದಿ ಅಂದ್ರ ಮಾತ್ರ ಒಳಗ ಬರಬ್ಯಾಡ."

ಅಷ್ಟು ಸಾಕಾಗಿತ್ತು. ಮರಿಗಳ ಹತ್ತಿರ ಹುಳ ತರಲಾಗದಿದ್ದರೆ ಹುಳದ ಹತ್ತಿರ ಮರಿಗಳನ್ನು ಒಯ್ಯುವುದು. ತಿಪ್ಪೆ ಹೊಲದ ಅಂಚಿನಲ್ಲಿತ್ತು. ಅದರ ಬದಿಯ ಒಣ ಸಗಣಿ, ಜೋಳದ ಕೂಳೆ ಎಲ್ಲದರ ಅಡಿಗೆ ಗೆದ್ದಲು. ಆದರೆ ಬಿಸಿಲೇರಿದರೆ ಗೆದ್ದಲು ಕೆಳಗೆ ಇಳಿಯುತ್ತದೆ, ಮೇಲೆ ಹದ್ದು ಸುತ್ತುತ್ತದೆ. ಹೋಗಬೇಕಾದ ಹೊತ್ತು ಬೆಳಿಗ್ಗೆ ಐದೂವರೆಯಿಂದ ಎಂಟೂವರೆ, ಸಂಜೆ ನಾಲ್ಕರಿಂದ ಕತ್ತಲಾಗುವವರೆಗೆ. ನೀರು, ಹೂವು, ಪತ್ರಿ, ಓದು ಎಲ್ಲವೂ ಆ ಹೊತ್ತಿನಲ್ಲೇ ಇದ್ದವು.

ಗೋಡೆಯ ಮೇಲಿನ ವೇಳಾಪತ್ರಿಕೆಯನ್ನು ನಾನು ಕಿತ್ತೆ. ನಾಲ್ಕು ಮೂಲೆ ಹರಿಯದಂತೆ ಬಿಡಿಸಿ, ಮಡಿಸಿ, ಅಪ್ಪನ ಮೇಜಿನ ಮೇಲಿಟ್ಟು, ಆ ಜಾಗದಲ್ಲಿ ನಾನು ಬರೆದದ್ದನ್ನು ಅಂಟಿಸಿದೆ. ನಾಲ್ಕಕ್ಕೆ ಏಳುವುದು. ನಾಲ್ಕೂಕಾಲಿಗೆ ನೀರು. ಹೂವು ಪತ್ರಿ ಹಿಂದಿನ ಸಂಜೆಯೇ ಬಿಡಿಸಿ ತೊಯ್ದ ಬಟ್ಟೆಯಲ್ಲಿ ಇಡುವುದು. ಓದು ಮಧ್ಯಾಹ್ನಕ್ಕೆ. ಅಪ್ಪ ಅದರ ಮುಂದೆ ನಿಂತು ಪೂರ್ತಿ ಓದಿದ್ದನ್ನು ಒಳಕೋಣೆಯಿಂದ ನೋಡಿದೆ. ಓದಿ, ಗಡಿಯಾರಕ್ಕೆ ಕೀಲಿ ಕೊಟ್ಟು, ಮಲಗಲು ಹೋದರು.

ಬೆಳಗಾಗುತ್ತಲೇ ಕೋಳಿಯ ಕಾಲಿಗೆ ಮೆತ್ತನೆಯ ನೂಲಿನ ಹುರಿ ಕಟ್ಟಿ, ಐದು ಮರಿಗಳನ್ನು ಬುಟ್ಟಿಯಲ್ಲಿ ಹೊತ್ತು ತಿಪ್ಪೆಯ ಬದಿಗೆ ಹೋದೆ. ಹುರಿಯ ಇನ್ನೊಂದು ತುದಿ ಗೂಟಕ್ಕೆ. ಬೂಬವ್ವ ಹೇಳಿಕೊಟ್ಟ ಉಪಾಯ ಅದು: ಮರಿಗಳನ್ನು ಕಟ್ಟುವುದಲ್ಲ, ತಾಯಿಯನ್ನು ಕಟ್ಟುವುದು. ತಾಯಿ ಇರುವಲ್ಲಿಗೆ ಮರಿ ತಿರುಗಿ ಬರುತ್ತದೆ. ಕೋಳಿ ಸುತ್ತ ನೋಡಿತು. ಒಣಸಗಣಿಯನ್ನು ಕಾಲಿನಿಂದ ಎರಡು ಸಲ ಹಿಂದಕ್ಕೆ ಎಳೆಯಿತು. ಒಂದು ಹೆಜ್ಜೆ ಹಿಂದೆ ಸರಿದು, ಗಂಟಲೊಳಗೆ ಒಂದು ಸಣ್ಣ ಸದ್ದು ಮಾಡಿತು. ನಾಲ್ಕು ದಿನ ನವಣೆಯ ಮುಂದೆ ಅದು ಆ ಸದ್ದು ಮಾಡಿರಲಿಲ್ಲ. ಬುಟ್ಟಿಯ ಅಂಚಿನಿಂದ ಒಂದು ಮರಿ ಉರುಳಿ ಬಿತ್ತು, ಎದ್ದಿತು, ಓಡಿತು. ಅದರ ಹಿಂದೆ ಉಳಿದ ನಾಲ್ಕೂ. ಐದು ತಲೆ ಕೋಳಿಯ ಕಾಲ ಬುಡದಲ್ಲಿ ಮೇಲೆ ಕೆಳಗೆ ಆಗುತ್ತಿದ್ದವು. ನಾನು ಕೈ ಎರಡನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿದ್ದೆ. ಆಯಿ ಗೋಡೆಯ ಆಚೆಯಿಂದ ನೋಡುತ್ತಿರಬಹುದೆಂಬ ಗುಮಾನಿ ಇತ್ತು. ನೋಡುತ್ತಿದ್ದಳು ಕೂಡ.

ಅರ್ಧ ತಾಸಿಗೊಮ್ಮೆ ಗೂಟ ಕಿತ್ತು ಒಂದು ಮಾರು ಮುಂದೆ ನೆಡುವುದು, ಇದೇ ನನ್ನ ಕೆಲಸವಾಯಿತು. ಒಂದು ವಾರದಲ್ಲಿ ತಿಪ್ಪೆಯ ಒಂದು ಮಗ್ಗುಲು ಮುಗಿದಿತ್ತು. ಮರಿಗಳ ರೆಕ್ಕೆಯಲ್ಲಿ ಗರಿ ಮೂಡಿತ್ತು. ಅಪಾಯ ಕಂಡರೆ ಅವು ಕೋಳಿಮರಿಗಳಂತೆ ತಾಯಿಯ ಕಡೆಗೆ ಓಡದೆ ಇದ್ದಲ್ಲೇ ನೆಲಕ್ಕಂಟಿ ಕಾಣೆಯಾಗುತ್ತಿದ್ದವು. ಕಾಲಿನ ಕೆಳಗೆ ಸಿಕ್ಕಬಾರದೆಂದು ನಾನು ಪ್ರತಿ ಹೆಜ್ಜೆಯನ್ನೂ ನೋಡಿ ಇಡುತ್ತಿದ್ದೆ. ದಾರಿಯಲ್ಲಿ ಹೋಗುವವರಿಗೆ ಇದೊಂದು ಮೋಜು. "ಮಾಸ್ತರ ಮಗಳು ಕೋಳಿಗಿ ಸಾಲಿ ಕಲಸಾಕತ್ತಾಳ," ಎಂದು ಒಬ್ಬ. "ಇಲ್ಲೋ, ಕೋಳೀನ ಅಕೀಗಿ ಕಲಸಾಕತ್ತೈತಿ," ಎಂದು ಇನ್ನೊಬ್ಬ. ಎರಡನೆಯವನು ಸರಿಯಾಗಿ ಹೇಳಿದ್ದ.

ಮೇ ತಿಂಗಳ ನಡುವೆ ಒಂದು ದಿನ ಸಂಜೆ ಐದರ ಸುಮಾರಿಗೆ, ನಾನು ಆಯಿಗೆಂದು ಒಂದು ಕೊಡ ನೀರು ತರಲು ಬಾವಿಗೆ ಹೋದೆ. ಪಶ್ಚಿಮದಲ್ಲಿ ಕರಿಮೋಡ ಇದ್ದದ್ದನ್ನು ನೋಡಿದ್ದೆ. ಹೋಗಿ ಬರುವಷ್ಟು ಹೊತ್ತಿದೆ ಎಂದುಕೊಂಡೆ. ಬಾವಿಯಲ್ಲಿ ಕೊಡ ಮುಳುಗುವಷ್ಟರಲ್ಲಿ ಗಾಳಿ ಎದ್ದಿತು. ಅದರ ಹಿಂದೆಯೇ ಹರಳಿನಂಥ ಹನಿಗಳ ಅಡ್ಡಮಳೆ. ಕೋಳಿ ಗೂಟಕ್ಕೆ ಕಟ್ಟಿತ್ತು. ಅಂಥ ಮಳೆಯಲ್ಲಿ ಹತ್ತು ನಿಮಿಷ ನೆನೆದರೆ ಮರಿ ಉಳಿಯುವುದಿಲ್ಲ. ಕೊಡ ಅಲ್ಲೇ ಬಿಟ್ಟು ಓಡಿದೆ. ಕೆಸರಿನಲ್ಲಿ ಎರಡು ಸಲ ಬಿದ್ದೆ.

ತಿಪ್ಪೆಯ ಬದಿಯಲ್ಲಿ ಕಂಬಳಿ ಕೊಪ್ಪೆ ಹೊದ್ದು ಯಾರೋ ಕೂತಿದ್ದರು. ಹತ್ತಿರ ಹೋದರೆ ಆಯಿ. ಕೊಪ್ಪೆಯ ಒಳಗೆ, ಎದೆಗೆ ಅವುಚಿಕೊಂಡ ಇಟ್ಟಂಗಿ ಬಣ್ಣದ ಕೋಳಿ. ಅದರ ರೆಕ್ಕೆಯಡಿಯಿಂದ ಸಣ್ಣ ಸಣ್ಣ ಕಾಲುಗಳು ಹೊರಗೆ ಚಾಚಿದ್ದವು.

"ಐದೂ ಅದಾವು," ಎಂದಳು. "ಎರಡು ಸಲ ಎಣಸೇನಿ. ನೋಡ್ಕೋತ ನಿಂದ್ರಬ್ಯಾಡ, ನೀರು ಕಾಸಾಕಿಡು ಹೋಗು. ಈಗ ಇಬ್ಬರೂ ಮೈ ತೊಳಕೋಬೇಕಲ್ಲ."

ಮರುದಿನ ಬೆಳಿಗ್ಗೆ ತೊಯ್ದ ನೆಲದಿಂದ ರೆಕ್ಕೆ ಬಂದ ಗೆದ್ದಲು ಹೊಗೆಯಂತೆ ಎದ್ದವು. ಕೆದರುವ ಕೆಲಸವೇ ಇರಲಿಲ್ಲ. ಮರಿಗಳು ಮೊದಲು ನೆಲದ ಮೇಲಿನವನ್ನು ತಿಂದವು, ಆಮೇಲೆ ಹುಲ್ಲಿನ ಮೇಲಿನವನ್ನು. ಆಮೇಲೆ ಒಂದು ಮರಿ ಕತ್ತೆತ್ತಿ ನೋಡಿ ನೇರ ಮೇಲಕ್ಕೆ ಜಿಗಿಯಿತು. ರೆಕ್ಕೆ ಬಿಚ್ಚಿ ನನ್ನ ಸೊಂಟದ ಎತ್ತರಕ್ಕೆ ಹೋಗಿ, ಗಾಳಿಯಲ್ಲೇ ಹುಳ ಹಿಡಿದು ಇಳಿಯಿತು. ಸ್ವಲ್ಪ ಹೊತ್ತಿಗೆ ಐದೂ ಹಾಗೆಯೇ ಜಿಗಿಯುತ್ತಿದ್ದವು. ಕೋಳಿ ಮಾತ್ರ ನೆಲದ ಮೇಲೆ ನಿಂತು ಇದೇನು ನಡತೆ ಎಂಬಂತೆ ಬಡಬಡಿಸುತ್ತಿತ್ತು.

ಅಲ್ಲಿಂದ ಮುಂದೆ ಎಲ್ಲವೂ ವೇಗವಾಗಿ ನಡೆಯಿತು. ಗೋಡೆಯ ಎತ್ತರ, ಕೊಟ್ಟಿಗೆಯ ಮಾಡು, ಬೇವಿನ ಕೆಳಗಿನ ಟೊಂಗೆ, ಒಂದೊಂದನ್ನೂ ದಾಟಿದ ದಿನ ಬರೆದಿದ್ದೇನೆ. ನಲವತ್ತೆಂಟನೆಯ ದಿನ ಕೋಳಿ ಅವುಗಳನ್ನು ಕುಕ್ಕಿ ದೂರ ಓಡಿಸಿ, ಮೂಲೆಯಲ್ಲಿ ತನ್ನದೊಂದು ಹೊಸ ತತ್ತಿ ಇಟ್ಟಿತು. ಅದರ ಪಾಲಿಗೆ ಕೆಲಸ ಮುಗಿದಿತ್ತು. ನಲವತ್ತೊಂಬತ್ತನೆಯ ದಿನ ಬೂಬವ್ವನ ತಮ್ಮ ಪಂಜರ ಹಿಡಿದು ಸವಣೂರಿನಿಂದ ಬಂದ.

ಐದರಲ್ಲಿ ಅರ್ಧ ಎಷ್ಟೆಂಬ ತಂಟೆ ಬಂತು. "ಎರಡೂವರಿ ಹೆಂಗ ಕೊಡ್ತಿ, ಬೇಟಿ?" ಎಂದು ಬೂಬವ್ವ ಕಣ್ಣು ಮಿಟುಕಿಸಿದಳು. "ಎರಡು ಸಾಕು. ಆ ಅರ್ಧಾ ಅವ್ವಾರ ಮಳಿಯಾಗ ನೆನದದ್ದಕ್ಕ."

ಎರಡು ಮರಿ ಪಂಜರ ಸೇರಿದ ಮೇಲೆ ಅವಳ ತಮ್ಮ 'ಉಳಿದ ಮೂರನ್ನೂ ನೋಡಬೇಕು' ಎಂದ. ಮೂರೂ ಗೋಡೆಯ ಮೇಲೆ ಸಾಲಾಗಿ ನಿಂತಿದ್ದವು. ಅವನ ನೆರಳು ಕಂಡದ್ದೇ ತಡ, ಬುರ್ರನೆ ಎದ್ದು ಹೊಲದ ಮೇಲಿಂದ ಹಾರಿ ದೂರದ ಬದುವಿನ ಹುಲ್ಲಿನಲ್ಲಿ ಇಳಿದವು. ಅವನು ಬಹಳ ಹೊತ್ತು ಆ ಕಡೆಗೇ ನೋಡುತ್ತಿದ್ದ. ಅಪ್ಪ ಆಗಷ್ಟೇ ಒಳಗೆ ಬಂದಿದ್ದರು. ಅವರ ಕಡೆಗೆ ತಿರುಗಿ ಹೇಳಿದ: "ನಮ್ಮ ಅಜ್ಜನ ಕಾಲದಿಂದ ತೀತರ್ ಸಾಕೀವ್ರಿ ಮಾಸ್ತರ್ ಸಾಹೇಬ್ರ. ಬಲಿ ಹಾಕಿ ಹಿಡಿತೇವಿ, ಸಂತ್ಯಾಗ ತರ್ತೇವಿ. ತತ್ತಿಂದ ಐದು ಎಬ್ಬಿಸಿದವರನ್ನ ನಾ ನೋಡಿಲ್ರಿ. ಯಾರು ಮಾಡಿದ್ದರಿ ಇದು?"

"ನನ್ನ ಮಗಳು," ಎಂದರು ಅಪ್ಪ. ಅವರು ಆ ಎರಡು ಶಬ್ದಗಳನ್ನು ಅಷ್ಟು ಗಟ್ಟಿಯಾಗಿ ಹೇಳಿದ್ದನ್ನು ನಾನು ಅದಕ್ಕೂ ಮೊದಲು ಕೇಳಿರಲಿಲ್ಲ.

ಬೂಬವ್ವ ತನ್ನ ಕೋಳಿಯನ್ನು, ಅವಳ ತಮ್ಮ ಪಂಜರವನ್ನು ತೆಗೆದುಕೊಂಡು ಹೋದ ಮೇಲೆ ಅಪ್ಪ ಮೇಜಿನ ಮುಂದೆ ಕೂತು ನೋಟುಬುಕ್ಕು ತರಲು ಹೇಳಿದರು. ಮೊದಲ ಪುಟದಿಂದ ಶುರು ಮಾಡಿದರು. ಏಳು ಮರಿ ಎಂದು ಬರೆದು ಎರಡು ಗೆರೆ ಎಳೆದ ಪುಟ ದಾಟಿತು. ಮುಂದಿನ ಪುಟಕ್ಕೆ ಅವರ ಬೆರಳು ನಿಂತಿತು. ಅಲ್ಲಿ ಹೀಗಿತ್ತು: "ಇಂದು ಇನ್ನೊಂದು ಸತ್ತಿತು. ಒಟ್ಟು ಎರಡು. ಕಾರಣ: ನಾನು ಅವುಗಳ ಹಸಿವನ್ನು ನೋಡಲಿಲ್ಲ, ಗಡಿಯಾರವನ್ನು ನೋಡಿದೆ."

ಅಪ್ಪ ಕನ್ನಡಕ ತೆಗೆದರು. "ನಾ ಬರದ ವೇಳಾಪತ್ರಿಕಿ ತಗದಿ."

"ಹೌದ್ರಿ."

"ನನ್ನ ಕೇಳಲಿಲ್ಲ."

"ಕೇಳಾಕ ಹೊತ್ತಿರಲಿಲ್ರಿ. ಕೆಲಸ ನಿಂದು ಅಂದಿದ್ರಿ."

ಅವರು ಮತ್ತೊಮ್ಮೆ ಆ ಸಾಲು ಓದಿದರು. "ಇಪ್ಪತ್ತಾರು ವರ್ಷ ಸಾಲ್ಯಾಗ ಇದ್ದೇನಿ," ಎಂದರು ನಿಧಾನವಾಗಿ. "ಹುಡುಗೂರು ನಪಾಸಾದ್ರ ಹಾಜರಿ ನೋಡೇನಿ, ಹುಡುಗೂರನ್ನ ನೋಡಿಲ್ಲ." ಅಷ್ಟು ಹೇಳಿ ಪೆಟ್ಟಿಗೆ ತೆಗೆದು ಅರ್ಜಿಯ ಕಾಗದವನ್ನು ನನ್ನ ಮುಂದಿಟ್ಟು, ಮಸಿದೌತಿ ಈಚೆ ಸರಿಸಿದರು. ಬರೆಯಲು ಅವರು ನೆರವಾಗಲಿಲ್ಲ. ನಾನು ಕೊನೆಯ ಸಾಲು ತುಂಬಿದ ಮೇಲೆ ಒಮ್ಮೆ ಓದಿ, ತಪ್ಪಿಲ್ಲವೆಂದು ಕಂಡು, ಕೆಳಗೆ ಸಹಿ ಮಾಡಿದರು.

ಆಯಿ ಒಳಗಿನಿಂದ ಒಂದು ಕಾರ್ಡು ತಂದು ನನ್ನ ಮುಂದೆ ಹಾಕಿದಳು. "ಹಿರೇಕೆರೂರಿನವರಿಗೂ ನಾಕು ಸಾಲು ಗೀಚು," ಎಂದಳು. "ಹುಡುಗಿ ಕಲಿಯಾಕ ಧಾರವಾಡಕ್ಕ ಹೊಂಟಾಳ, ಬ್ಯಾರೆ ಕಡೆ ನೋಡ್ಕೋರಿ ಅಂತ ಬರಿ. ಕೋಳೀದು ಬರೀಬ್ಯಾಡ ಮತ್ತ."

ಬರೆದೆ. ಕೋಳಿಯ ವಿಷಯ ಬಿಟ್ಟು ಎಲ್ಲವನ್ನೂ ಬರೆದೆ. ಲಕೋಟೆ ಒಂದು ಕೈಯಲ್ಲಿ, ಕಾರ್ಡು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು, ಮಧ್ಯಾಹ್ನದ ಟಪಾಲು ಹೊರಡುವ ಮೊದಲೇ ಮುಟ್ಟಬೇಕೆಂದು ಊರ ನಡುವಿನ ಬೀದಿಯಲ್ಲಿ ನೆಟ್ಟಗೆ ನಡೆದು ಹೋದೆ. ಎರಡನ್ನೂ ಪೆಟ್ಟಿಗೆಗೆ ಹಾಕಿ, ಕೆಳಗೆ ಬಿದ್ದ ಸಪ್ಪಳ ಕೇಳಿದ ಮೇಲೆಯೇ ಕೈ ತೆಗೆದೆ.